ಲೂಯಿಸ್-ಕ್ಲಾರ್ಕ್ ಜರ್ನಲ್‌ಗಳನ್ನ ಓದೋದು ಹೇಗೆ: ಎಡಿಷನ್ ಆರಿಸೋದ್ರಿಂದ ಹಿಡಿದು ಒಂದೊಂದೇ ದಿನ ಕೂತು ಓದೋವರೆಗೆ

ಅಮೆರಿಕದ ಒಮಾಹಾ ಊರಿಂದ ಮಿಸ್ಸೂರಿ ನದಿ ಹಿಡ್ಕೊಂಡು ಉತ್ತರಕ್ಕೆ ಒಂದೂವರೆ ಗಂಟೆ ಕಾರ್ ಓಡಿಸಿದ್ರೆ ಸೂ ಸಿಟಿ ಅಂತ ಊರು ಸಿಗುತ್ತೆ. ಅಲ್ಲಿ ನದಿ ಕಡೆ ಮುಖ ಮಾಡಿರೋ ಗುಡ್ಡದ ಮೇಲೆ 100 ಅಡಿ ಎತ್ತರದ ಕಲ್ಲಿನ ಸ್ತಂಭ ಒಂದಿದೆ, ಅದರ ಕೆಳಗೆ ಮಲಗಿರೋನು ಸಾರ್ಜೆಂಟ್ ಚಾರ್ಲ್ಸ್ ಫ್ಲಾಯ್ಡ್, 1804ರಲ್ಲಿ ಲೂಯಿಸ್, ಕ್ಲಾರ್ಕ್ ಅನ್ನೋ ಇಬ್ಬರು ಕ್ಯಾಪ್ಟನ್‌ಗಳ ಜೊತೆ ಪೆಸಿಫಿಕ್ ಕಡೆ ಹೊರಟ ತಂಡದೋನು. ನಾನು ಕೆಲಸಕ್ಕೆ ಅಂತ ಈ ಕಡೆ ಬಂದ ಮೊದಲ್ನೇ ವರ್ಷ ಒಂದು ಶನಿವಾರ ಸುಮ್ನೆ ಸುತ್ತಾಡೋಕೆ ಅಂತ ಅಲ್ಲಿಗೆ ಹೋಗಿದ್ದೆ, ಆ ಹೆಸ್ರು ಅವತ್ತಿನವರೆಗೂ ಕೇಳೇ ಇರ್ಲಿಲ್ಲ. ಮನೆಗೆ ಬಂದು ಅವನ ಜರ್ನಲ್ ಹುಡುಕಿ ಓದಿದೆ. 1804ರ ಜುಲೈ 31ಕ್ಕೆ ಬರೀತಾನೆ, ಸ್ವಲ್ಪ ದಿನದಿಂದ ತುಂಬಾ ಹುಷಾರಿರ್ಲಿಲ್ಲ, ಈಗ ಮತ್ತೆ ಆರಾಮಾಗಿದೀನಿ ಅಂತ. ಆಗಸ್ಟ್ 18ಕ್ಕೆ ಅವನ ಬರವಣಿಗೆ ನಿಂತುಹೋಗುತ್ತೆ. ಆಮೇಲಿಂದು ಓದ್ಬೇಕು ಅಂದ್ರೆ ಕ್ಯಾಪ್ಟನ್ ಕ್ಲಾರ್ಕ್‌ನ ಜರ್ನಲ್ ತೆಗೀಬೇಕು, ಆಗಸ್ಟ್ 20ರ ಪುಟದಲ್ಲಿ ಇದೆ: ಫ್ಲಾಯ್ಡ್ ಸಾಯೋಕೆ ಮುಂಚೆ ‘ನಾನು ಹೊರಟೆ, ನನಗೋಸ್ಕರ ಒಂದು ಕಾಗದ ಬರೀಬೇಕು ನೀವು’ ಅಂದನಂತೆ. ವಯಸ್ಸು ಇಪ್ಪತ್ತರ ಆಸುಪಾಸು. ಬಹುಶಃ ಅಪೆಂಡಿಸೈಟಿಸ್ ಅಂತ ಈಗಿನ ಡಾಕ್ಟರ್‌ಗಳು ಅಂದಾಜು ಮಾಡ್ತಾರೆ.

ಒಬ್ಬನ ಪುಟ ಖಾಲಿಯಾದ ಕಡೆ ಇನ್ನೊಬ್ಬನ ಪುಟ ಹಿಡ್ಕೊಂಡು ಮುಂದೆ ಹೋಗೋದು ಅವತ್ತು ಶುರುವಾಯ್ತು, ಇವತ್ತಿಗೂ ನಾನು ಹಾಗೇ ಓದೋದು. ಈ ಜರ್ನಲ್‌ಗಳನ್ನ ಓದ್ಬೇಕು ಅಂತ ಆಸೆ ಇದ್ದು, ಸಾವಿರಾರು ಪುಟ, ಹಳೇ ಇಂಗ್ಲಿಷ್, ವಿಚಿತ್ರ ಸ್ಪೆಲ್ಲಿಂಗ್ ನೋಡಿ ಹಿಂದೆ ಸರಿದಿರೋರಿಗೆ ಅಂತ ಇದನ್ನ ಬರೀತಿದೀನಿ.

ಶುರು ಮಾಡೋ ಮುಂಚೆ ಇಷ್ಟು ಗೊತ್ತಿದ್ರೆ ಸಾಕು

1803ರಲ್ಲಿ ಅಮೆರಿಕ ಸರ್ಕಾರ ಫ್ರಾನ್ಸ್‌ನಿಂದ ಲೂಯಿಸಿಯಾನ ಅನ್ನೋ ದೊಡ್ಡ ಪ್ರದೇಶವನ್ನ 1.5 ಕೋಟಿ ಡಾಲರ್‌ಗೆ ತಗೊಳ್ತು. ಅಲ್ಲಿ ಸಾವಿರಾರು ವರ್ಷದಿಂದ ಬಾಳ್ತಿದ್ದ ಜನಾಂಗಗಳನ್ನ ಯಾರೂ ಕೇಳ್ಲಿಲ್ಲ, ಅದನ್ನ ಓದುವಾಗೆಲ್ಲ ನೆನಪಲ್ಲಿಟ್ಕೊಳ್ಳಿ. ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ಕಾರ್ಯದರ್ಶಿ ಮೆರಿವೆದರ್ ಲೂಯಿಸ್‌ನ ಆರಿಸಿದ, ಲೂಯಿಸ್ ತನ್ನ ಹಳೇ ಸೈನ್ಯದ ಗೆಳೆಯ ವಿಲಿಯಂ ಕ್ಲಾರ್ಕ್‌ನ ಕರೆದ. 1804ರ ಮೇ 14ಕ್ಕೆ ಈಗಿನ ಸೇಂಟ್ ಲೂಯಿಸ್ ಹತ್ತಿರದಿಂದ ಹೊರಟು ಮಿಸ್ಸೂರಿ ಹತ್ತಿ, ರಾಕಿ ಬೆಟ್ಟ ದಾಟಿ, ಕೊಲಂಬಿಯಾ ನದಿ ಇಳಿದು ಪೆಸಿಫಿಕ್ ಮುಟ್ಟಿ, 1806ರ ಸೆಪ್ಟೆಂಬರ್ 23ಕ್ಕೆ ವಾಪಸ್ ಬಂದ್ರು. ಇಡೀ ದಾರೀಲಿ ತಂಡದಲ್ಲಿ ಸತ್ತೋನು ಫ್ಲಾಯ್ಡ್ ಒಬ್ಬನೇ.

ಜೆಫರ್ಸನ್ 1803ರ ಜೂನ್ 20ರ ಆದೇಶದಲ್ಲೇ ಹೇಳಿದ್ದ, ನೋಡಿದ್ದೆಲ್ಲ ಬರೀರಿ, ಬರೆದಿದ್ದನ್ನ ಬಿಡುವಿದ್ದಾಗ ಹಲವು ಪ್ರತಿ ಮಾಡಿ, ಬೇರೆ ಬೇರೆಯವರ ಕೈಲಿ ಕೊಟ್ಟಿರಿ, ಒಂದು ಪ್ರತಿ ಬರ್ಚ್ ಮರದ ತೊಗಟೆ ಮೇಲೆ ಇದ್ರೆ ಒಳ್ಳೇದು ಯಾಕಂದ್ರೆ ಅದು ತೇವಕ್ಕೆ ಬೇಗ ಹಾಳಾಗಲ್ಲ ಅಂತ. ಹಾಗಾಗೇ ನಮಗೆ ಆರು ಜನರ ಬರಹ ಉಳಿದಿದೆ: ಲೂಯಿಸ್, ಕ್ಲಾರ್ಕ್, ಸಾರ್ಜೆಂಟ್‌ಗಳಾದ ಫ್ಲಾಯ್ಡ್, ಜಾನ್ ಆರ್ಡ್ವೇ, ಪ್ಯಾಟ್ರಿಕ್ ಗ್ಯಾಸ್, ಆಮೇಲೆ ಜೋಸೆಫ್ ವೈಟ್‌ಹೌಸ್ ಅನ್ನೋ ಸಾಮಾನ್ಯ ಸಿಪಾಯಿ. ರಾಬರ್ಟ್ ಫ್ರೇಜರ್ ಅಂತ ಇನ್ನೊಬ್ಬ ಸಿಪಾಯಿನೂ ಬರೆದಿದ್ದ, ಪುಸ್ತಕ ಮಾಡ್ತೀನಿ ಅಂತ ಜಾಹೀರಾತೂ ಕೊಟ್ಟಿದ್ದ, ಆದ್ರೆ ಅದು ಕಳೆದೇಹೋಯ್ತು.

ಹೆಜ್ಜೆ 1: ಕೈಲಿರೋದು ಯಾವ ಎಡಿಷನ್ ಅಂತ ಪತ್ತೆ ಮಾಡಿ

ಇದು ಎಲ್ಲಕ್ಕಿಂತ ಮುಖ್ಯ, ಇಲ್ಲಿ ಎಡವಿದ್ರೆ ಮುಂದೆ ಎಲ್ಲಾನೂ ಎಡವಟ್ಟು. ನಾನು ಮೊದಲು ತಗೊಂಡಿದ್ದು ಒಂದು ಅಗ್ಗದ ರೀಪ್ರಿಂಟ್, ಮುಖಪುಟದ ಮೇಲೆ ಲೂಯಿಸ್ ಕ್ಲಾರ್ಕ್ ಜರ್ನಲ್ಸ್ ಅಂತ ದೊಡ್ಡದಾಗಿತ್ತು, ಮೂರು ತಿಂಗಳು ಓದಿದೆ, ಆಮೇಲೆ ಗೊತ್ತಾಯ್ತು ಅದ್ರಲ್ಲಿ ಅವರಿಬ್ಬರೂ ಬರೆದ ವಾಕ್ಯ ಬರೆದ ಹಾಗೇ ಇರೋದು ಬಹಳ ಕಮ್ಮಿ ಅಂತ. ಅದು 1814ರ ಪುಸ್ತಕದ ನಕಲು.

ಕಥೆ ಹೀಗಿದೆ. ವಾಪಸ್ ಬಂದ ಮೇಲೆ ಲೂಯಿಸ್ ಪುಸ್ತಕ ತರ್ತೀನಿ ಅಂತ ಹೇಳ್ತಾನೇ ಇದ್ದ, ಒಂದು ಸಾಲೂ ಪ್ರೆಸ್‌ಗೆ ಹೋಗ್ಲಿಲ್ಲ, 1809ರ ಅಕ್ಟೋಬರ್ 11ಕ್ಕೆ ಟೆನೆಸ್ಸಿಯ ದಾರಿಬದಿ ಮನೆಯೊಂದರಲ್ಲಿ ಗುಂಡೇಟಿಂದ ತೀರಿಕೊಂಡ. ಅಷ್ಟರಲ್ಲಿ 1807ರಲ್ಲೇ ಗ್ಯಾಸ್‌ನ ಜರ್ನಲ್ ಪಿಟ್ಸ್‌ಬರ್ಗ್‌ನಲ್ಲಿ ಪ್ರಿಂಟಾಗಿತ್ತು, ಮೊದಲು ಬಂದಿದ್ದು ಅದೇ. ಆದ್ರೆ ಡೇವಿಡ್ ಮೆಕೀಹನ್ ಅನ್ನೋ ಪುಸ್ತಕದಂಗಡಿಯವನು ಬಡಗಿಯಾಗಿದ್ದ ಗ್ಯಾಸ್‌ನ ಭಾಷೆನ ಪೂರ್ತಿ ತಿದ್ದಿ ತೀಡಿ ಹಾಕಿದ್ದ, ಮೂಲ ಹಸ್ತಪ್ರತಿ ಕಳೆದುಹೋಗಿದೆ, ಹಾಗಾಗಿ ಗ್ಯಾಸ್ ನಿಜವಾಗಿ ಹೇಗೆ ಬರೀತಿದ್ದ ಅಂತ ಕೇಳೋಕೆ ಆಗೋದೇ ಇಲ್ಲ. 1809ರ ಸುಮಾರಿಗೆ ನಕಲಿ ಪುಸ್ತಕಗಳೂ ಬಂದ್ವು, ಬೇರೆ ಪ್ರವಾಸಿಗಳ ಬರಹ ಕದ್ದು ಸೇರಿಸಿ ಲೂಯಿಸ್ ಕ್ಲಾರ್ಕ್ ಹೆಸರು ಹಾಕಿ ಮಾರಿದ್ರು. ಹಳೇ ಸ್ಕ್ಯಾನ್ ಹುಡುಕುವಾಗ 1809 ಅಂತ ಕಂಡ್ರೆ ಬಿಟ್ಬಿಡಿ.

ಲೂಯಿಸ್ ಸತ್ತ ಮೇಲೆ ಕ್ಲಾರ್ಕ್ ಆ ನೋಟ್‌ಬುಕ್ಕುಗಳನ್ನ ಫಿಲಡೆಲ್ಫಿಯಾದ ನಿಕೊಲಸ್ ಬಿಡಲ್ ಅನ್ನೋ ಯುವಕನಿಗೆ ಒಪ್ಪಿಸಿದ. ಬಿಡಲ್ 1810ರಲ್ಲಿ ಕ್ಲಾರ್ಕ್‌ನ ಮುಂದೆ ಕೂತು ಪ್ರಶ್ನೆ ಕೇಳಿ ಕೇಳಿ ಬರ್ಕೊಂಡ, ತಂಡದಲ್ಲಿದ್ದ ಜಾರ್ಜ್ ಶ್ಯಾನನ್‌ನ ಪಕ್ಕದಲ್ಲಿಟ್ಕೊಂಡು ಎಲ್ಲಾ ಜರ್ನಲ್ ಕಲಸಿ ಒಂದೇ ಕಥೆ ಮಾಡಿದ. 1814ರಲ್ಲಿ ಎರಡು ವಾಲ್ಯೂಮ್‌ನಲ್ಲಿ ಬಂತು, ಟೈಟಲ್ ಪೇಜಲ್ಲಿ ಬಿಡಲ್ ಹೆಸ್ರೇ ಇಲ್ಲ, ಪಾಲ್ ಅಲೆನ್ ಅಂತಿದೆ. ಕಥೆಯಾಗಿ ಅದು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಸ್ಪೆಲ್ಲಿಂಗ್ ಸರಿಮಾಡಿದ, ಇಬ್ಬರನ್ನೂ ‘ನಾವು’ ಅಂತ ಒಂದು ಮಾಡಿದ, ಮಂಡನ್ ಜನರ ಕಾಡೆಮ್ಮೆ ಕುಣಿತದ ಭಾಗ ಅಶ್ಲೀಲ ಅನಿಸಿ ಅದನ್ನ ಲ್ಯಾಟಿನ್‌ಗೆ ತಿರುಗಿಸಿ ಹಾಕಿದ, ಗಿಡ ಪ್ರಾಣಿ ವಿವರದಲ್ಲಿ ಹೆಚ್ಚಿನದನ್ನ ಬಿಟ್ಟ. ಲೂಯಿಸ್ ಎಷ್ಟು ಒಳ್ಳೆ ಜೀವಿವಿಜ್ಞಾನಿ ಅಂತ ಪ್ರಪಂಚಕ್ಕೆ ಗೊತ್ತಾಗೋಕೆ ಇನ್ನೂ ತೊಂಬತ್ತು ವರ್ಷ ಹಿಡೀತು.

1892ರಲ್ಲಿ ಎಲಿಯಟ್ ಕೌಸ್ ಅನ್ನೋ ಪಕ್ಷಿತಜ್ಞ ಬಿಡಲ್ ಪುಸ್ತಕಕ್ಕೆ ನೋಟ್ಸ್ ಸೇರಿಸ್ತಾ ಇದ್ದಾಗ, ಮೂಲ ನೋಟ್‌ಬುಕ್ಕುಗಳು ಫಿಲಡೆಲ್ಫಿಯಾದ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಯಲ್ಲಿ ಸುಮ್ನೆ ಬಿದ್ದಿರೋದು ಗೊತ್ತಾಯ್ತು. ಅವನ ಫುಟ್‌ನೋಟ್‌ಗಳು ಇವತ್ತಿಗೂ ಓದೋಕೆ ಮಜಾ, ಆದ್ರೆ ಆ ಹಸ್ತಪ್ರತಿಗಳ ಮೇಲೇ ತನ್ನ ಪೆನ್ನಲ್ಲಿ ಬರೆದ ಅನ್ನೋದು ನೆನೆಸಿಕೊಂಡ್ರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. 1904-05ರಲ್ಲಿ ರೂಬೆನ್ ಗೋಲ್ಡ್ ಥ್ವೇಟ್ಸ್ ಎಂಟು ವಾಲ್ಯೂಮ್‌ನಲ್ಲಿ ಮೂಲ ಬರಹ ಬರೆದ ಹಾಗೇ ಪ್ರಿಂಟ್ ಮಾಡಿಸಿದ. ಆರ್ಡ್ವೇ ಜರ್ನಲ್ 1916ರಲ್ಲಿ ಬಂತು. 1953ರಲ್ಲಿ ಮಿನೆಸೋಟದ ಸೇಂಟ್ ಪಾಲ್‌ನಲ್ಲಿ ಒಂದು ಮನೆ ಅಟ್ಟದಲ್ಲಿ ಕ್ಲಾರ್ಕ್‌ನ ಕಚ್ಚಾ ಟಿಪ್ಪಣಿಗಳು ಸಿಕ್ವು, ಅದು ತನ್ನದು ಅಂತ ಸರ್ಕಾರ ಕೋರ್ಟಿಗೆ ಹೋಗಿ ಸೋತಿತು, 1964ರಲ್ಲಿ ಪುಸ್ತಕವಾಯ್ತು.

ಇದೆಲ್ಲಾನೂ ಸೇರಿಸಿ ಗ್ಯಾರಿ ಮೌಲ್ಟನ್ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪ್ರೆಸ್‌ನಿಂದ 1983ರಿಂದ 2001ರವರೆಗೆ 13 ವಾಲ್ಯೂಮ್ ತಂದ್ರು. ಮೊದಲ್ನೇದು ಪೂರ್ತಿ ಮ್ಯಾಪ್, 2ರಿಂದ 8 ಲೂಯಿಸ್ ಮತ್ತು ಕ್ಲಾರ್ಕ್, 9 ಆರ್ಡ್ವೇ ಮತ್ತು ಫ್ಲಾಯ್ಡ್, 10 ಗ್ಯಾಸ್, 11 ವೈಟ್‌ಹೌಸ್, 12 ಒಣಗಿಸಿಟ್ಟ ಗಿಡಗಳ ಸಂಗ್ರಹ, 13 ಇಂಡೆಕ್ಸ್. ನೀವು ಓದಬೇಕಾಗಿರೋದು ಇದನ್ನೇ, ಅದಕ್ಕೆ ಒಂದು ರೂಪಾಯಿನೂ ಖರ್ಚು ಮಾಡೋದು ಬೇಡ, ನೆಬ್ರಾಸ್ಕಾ ವಿಶ್ವವಿದ್ಯಾಲಯ ಜರ್ನಲ್ ಪಠ್ಯ ಪೂರ್ತಿ ಆನ್‌ಲೈನ್‌ನಲ್ಲಿ ಫ್ರೀ ಇಟ್ಟಿದೆ. ಒಂದು ಡೇಟ್ ತೆಗೆದ್ರೆ ಅವತ್ತು ಯಾರ್ಯಾರು ಬರೆದಿದ್ದಾರೋ ಎಲ್ಲರದ್ದೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಬರುತ್ತೆ, ಕೊನೇಲಿ ಮೌಲ್ಟನ್ ನೋಟ್ಸ್. ಪ್ರಿಂಟ್ ಪುಸ್ತಕವೇ ಕೈಲಿ ಬೇಕು ಅನ್ನೋರಿಗೆ ಬರ್ನಾರ್ಡ್ ಡಿವೋಟೊ 1953ರಲ್ಲಿ ಮಾಡಿದ ಒಂದೇ ವಾಲ್ಯೂಮಿನ ಸಂಕ್ಷಿಪ್ತ ಎಡಿಷನ್ ಇದೆ, ಮೌಲ್ಟನ್ ಅವರದ್ದೇ 2003ರ ಸಂಕ್ಷಿಪ್ತವೂ ಇದೆ. ನಾನು ಮೌಲ್ಟನ್‌ದು ಅಂತೀನಿ, ಸಿಪಾಯಿಗಳ ಮಾತೂ ಅದರಲ್ಲಿ ಬರುತ್ತೆ.

ಪುಸ್ತಕ ಯಾವುದು ಅಂತ ಒಂದೇ ನಿಮಿಷದಲ್ಲಿ ಗೊತ್ತು ಮಾಡ್ಕೊಳ್ಳೋಕೆ ಒಂದು ಉಪಾಯ: 1805ರ ನವೆಂಬರ್ 7 ತೆಗೀರಿ. ಸಮುದ್ರ ಅನ್ನೋ ಪದದ ಸ್ಪೆಲ್ಲಿಂಗ್ ತಪ್ಪಾಗಿದ್ರೆ ಅದು ಕ್ಲಾರ್ಕ್‌ನ ಕೈ, ನೀಟಾಗಿದ್ರೆ ಯಾರೋ ತಿದ್ದಿದ್ದಾರೆ.

ಹೆಜ್ಜೆ 2: ಮೊದಲ ದಿನದಿಂದ ಶುರು ಮಾಡ್ಬೇಡಿ

1804ರ ಮೇ 14ರಿಂದ ಓದೋಕೆ ಕೂತೋರು ಹೆಚ್ಚಿನವರು ಜೂನ್ ತಿಂಗಳು ಮುಗಿಯೋ ಮುಂಚೆ ಬಿಡ್ತಾರೆ, ಅದು ಅವರ ತಪ್ಪಲ್ಲ. ಆ ಭಾಗದಲ್ಲಿ ಬಹುತೇಕ ಎಷ್ಟು ಮೈಲಿ ಬಂದ್ವಿ, ಯಾವ ದ್ವೀಪ ದಾಟಿದ್ವಿ ಅನ್ನೋದೇ ಇರುತ್ತೆ, ಲೂಯಿಸ್ ಬರಹವೂ ಆ ವರ್ಷದ್ದು ಹೆಚ್ಚೇನಿಲ್ಲ.

ಶುರು ಮಾಡ್ಬೇಕಾದ ದಿನ 1805ರ ಏಪ್ರಿಲ್ 7. ಚಳಿಗಾಲ ಪೂರ್ತಿ ಈಗಿನ ನಾರ್ತ್ ಡಕೋಟದಲ್ಲಿ ಮಂಡನ್ ಮತ್ತು ಹಿಡಾಟ್ಸಾ ಜನರ ಪಕ್ಕದಲ್ಲಿ ಕಳೆದು, ದೊಡ್ಡ ದೋಣಿನ ವಾಪಸ್ ಕಳಿಸಿ, ಆರು ಸಣ್ಣ ದೋಣಿ, ಪಿರೋಗ್ ಅನ್ನೋ ಸ್ವಲ್ಪ ದೊಡ್ಡ ದೋಣಿ ಎರಡು, ಇಷ್ಟರಲ್ಲಿ 33 ಜನ ಪಶ್ಚಿಮಕ್ಕೆ ಹೊರಡ್ತಾರೆ. ಅವತ್ತು ಲೂಯಿಸ್ ಕೂತು ತನ್ನ ಪುಟ್ಟ ದೋಣಿಗಳನ್ನ ಕೊಲಂಬಸ್, ಕ್ಯಾಪ್ಟನ್ ಕುಕ್ ಅವರ ಹಡಗುಗಳಿಗೆ ಹೋಲಿಸ್ತಾನೆ, ಈ ಕ್ಷಣ ನನ್ನ ಜೀವನದ ಅತ್ಯಂತ ಸುಖದ ಕ್ಷಣಗಳಲ್ಲಿ ಒಂದು ಅಂತಾನೆ. ಅದನ್ನ ಓದಿದ್ರೆ ಮುಂದಿನ ಪುಟ ತಿರುಗಿಸದೇ ಇರೋಕಾಗಲ್ಲ.

ಅಲ್ಲಿಂದ ಮೇ 14-16 (ಪಿರೋಗ್ ಇನ್ನೇನು ಮಗುಚೋ ಹಾಗಾಗೋದು), ಜೂನ್ 3-13 (ನದಿ ಕವಲು), ಆಗಸ್ಟ್ 12-17 (ಬೆಟ್ಟದ ನೆತ್ತಿ ಮತ್ತು ಶೋಶೋನಿ ಜನ). ಈ ನಾಲ್ಕು ತುಂಡು ಓದಿ ಮುಗಿಸೋಕೆ ಹತ್ತು ಸಂಜೆ ಸಾಕು. ಆಮೇಲೆ ಬೇಕಾದ್ರೆ ಮೊದಲಿಂದ ಹಿಡೀರಿ, ಆಗ ಆ ಮೈಲಿ ಲೆಕ್ಕನೂ ಬೇಜಾರಾಗಲ್ಲ, ಯಾಕಂದ್ರೆ ಹುಟ್ಟು ಹಾಕ್ತಿರೋರು ಯಾರು ಅಂತ ನಿಮಗೆ ಗೊತ್ತಿರುತ್ತೆ.

ಜೂನ್ ಭಾಗದ ಬಗ್ಗೆ ಒಂದೆರಡು ಮಾತು. ಮಿಸ್ಸೂರಿ ಎರಡಾಗಿ ಕವಲೊಡೆಯುತ್ತೆ, ಯಾವುದು ನಿಜವಾದ ಮಿಸ್ಸೂರಿ? ಉತ್ತರದ್ದು ಇಷ್ಟು ದಿನ ನೋಡಿದ ಹಾಗೇ ಕೆಸರು ಬಣ್ಣ, ದಕ್ಷಿಣದ್ದು ತಿಳಿನೀರು. ನದಿನೇ ಉಸಿರಾಡ್ತಿದ್ದ ದೋಣಿಗಾರ ಪಿಯೆರ್ ಕ್ರುಜಾಟ್ ಸೇರಿ ಜನ ಎಲ್ಲಾ ಉತ್ತರ ಅಂದ್ರು, ಇಬ್ಬರು ಕ್ಯಾಪ್ಟನ್‌ಗಳು ಮಾತ್ರ ದಕ್ಷಿಣ ಅಂದ್ರು, ಬೆಟ್ಟದಿಂದ ಬರೋ ನೀರು ತಿಳಿಯಾಗೇ ಇರ್ಬೇಕು ಅಂತ. ಸುಮಾರು ಒಂದು ವಾರ ಎರಡೂ ಕವಲು ಹತ್ತಿ ನೋಡಿದ್ರು. ಕೊನೆಗೆ ಜನ ಹೇಳಿದ್ದು, ನಮಗೆ ಒಪ್ಪಿಗೆ ಇಲ್ಲ, ಆದ್ರೂ ನೀವು ಹೋದ ಕಡೆ ಬರ್ತೀವಿ ಅಂತ. 13ನೇ ತಾರೀಕು ಮುಂದೆ ಹೋಗಿದ್ದ ಲೂಯಿಸ್‌ಗೆ ಜಲಪಾತದ ಸದ್ದು ಕೇಳುತ್ತೆ, ದೂರದಲ್ಲಿ ಹೊಗೆ ಥರ ನೀರ ಹನಿ ಏಳೋದು ಕಾಣುತ್ತೆ. ದಕ್ಷಿಣವೇ ಸರಿ. ಈ ಹತ್ತು ದಿನ ಬಿಡಿಬಿಡಿಯಾಗಿ ಓದ್ಬೇಡಿ, ಒಂದೇ ಪಟ್ಟಿಗೆ ಓದಿ.

ಹೆಜ್ಜೆ 3: ಅವತ್ತು ಪೆನ್ ಹಿಡಿದೋರು ಯಾರು ಅಂತ ಕೇಳ್ಕೊಳ್ಳಿ

ಲೂಯಿಸ್ ಬರೆಯೋಕೆ ಕೂತ್ರೆ ಪುಟಗಟ್ಟಲೆ ಬರೀತಾನೆ, ಹಕ್ಕಿಯ ಬಾಲದಲ್ಲಿ ಎಷ್ಟು ಗರಿ ಅಂತ ಎಣಿಸ್ತಾನೆ, ಆಮೇಲೆ ತಿಂಗಳುಗಟ್ಟಲೆ ಸದ್ದೇ ಇಲ್ಲ. 1804ರ ಮೇಯಿಂದ 1805ರ ಏಪ್ರಿಲ್‌ವರೆಗೆ, ಮತ್ತೆ 1805ರ ಆಗಸ್ಟ್ ಕೊನೆಯಿಂದ ಆ ವರ್ಷದ ಕೊನೆವರೆಗೆ, ಬಿಡಿ ತುಣುಕು ಬಿಟ್ರೆ ಅವನದ್ದು ಸಿಗಲ್ಲ. ಬರೀಲೇ ಇಲ್ವಾ ಬರೆದಿದ್ದು ಕಳೆದುಹೋಯ್ತಾ ಅಂತ ವಿದ್ವಾಂಸರು ಇನ್ನೂ ವಾದ ಮಾಡ್ತಾರೆ. ಕೊನೆಯ ನಿಲುಗಡೆಗೆ ಮಾತ್ರ ಕಾರಣ ಗೊತ್ತು: 1806ರ ಆಗಸ್ಟ್ 11ಕ್ಕೆ ಬೇಟೆಗೆ ಹೋದಾಗ ಕಣ್ಣು ಮಂದ ಇದ್ದ ಕ್ರುಜಾಟ್ ಇವನನ್ನ ಎಲ್ಕ್ (ದೊಡ್ಡ ಜಾತಿ ಜಿಂಕೆ) ಅಂದ್ಕೊಂಡು ಸೊಂಟದ ಕೆಳಗೆ ಗುಂಡು ಹೊಡೆದ. ಮರುದಿನ ಲೂಯಿಸ್ ಬರೀತಾನೆ, ಈ ಸ್ಥಿತೀಲಿ ಬರೆಯೋಕೆ ತುಂಬಾ ನೋವು, ಇನ್ನು ಕ್ಲಾರ್ಕ್ ಮುಂದುವರಿಸ್ಲಿ, ಆದ್ರೆ ನಿಲ್ಲಿಸೋ ಮುಂಚೆ ಇಲ್ಲೊಂದು ಚೆರ್ರಿ ಗಿಡ ನೋಡಿದೆ ಅಂತ, ಅದರ ಎಲೆ ತೊಗಟೆ ಹಣ್ಣು ವಿವರಿಸಿ ಪೆನ್ ಇಡ್ತಾನೆ. ಅದೇ ಅವನ ಕೊನೆ ಪುಟ. ಗುಂಡು ತಿಂದು ಹೊಟ್ಟೆ ಮೇಲೆ ಮಲಗಿದ ಮನುಷ್ಯ ಗಿಡದ ಎಲೆ ನೋಡ್ತಿದ್ದಾನೆ, ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತೆ.

ಕ್ಲಾರ್ಕ್ ಲೆಕ್ಕದ ಮನುಷ್ಯ, ಮ್ಯಾಪ್ ಅವನದ್ದು, ದಿನ ತಪ್ಪಿಸೋದು ಬಹಳ ಕಮ್ಮಿ. ಆರ್ಡ್ವೇ ಇಡೀ ಪ್ರಯಾಣದಲ್ಲಿ ಒಂದು ದಿನನೂ ಬಿಡದೆ ಬರೆದೋನು, ಯಾವ ತಾರೀಕಿಗೆ ಬೇರೆ ಯಾರೂ ಇಲ್ಲ ಅಂದ್ರೂ ಆರ್ಡ್ವೇ ಇರ್ತಾನೆ.

ಇಲ್ಲೊಂದು ಗುಂಡಿ ಇದೆ, ಹುಷಾರು. ಪೆಸಿಫಿಕ್ ತೀರದ ಫೋರ್ಟ್ ಕ್ಲಾಟ್ಸಪ್‌ನಲ್ಲಿ ಚಳಿಗಾಲ ಕಳೆದಾಗ ಲೂಯಿಸ್ ಬರೆದಿದ್ದನ್ನ ಕ್ಲಾರ್ಕ್ ಅಕ್ಷರಕ್ಕಕ್ಷರ ತನ್ನ ನೋಟ್‌ಬುಕ್ಕಿಗೆ ಇಳಿಸ್ಕೊಂಡಿದಾನೆ, ಜೆಫರ್ಸನ್ ಹೇಳಿದ ಹಾಗೆ ಪ್ರತಿ ಇರ್ಲಿ ಅಂತ. ಹಾಗಾಗಿ 1806ರ ಜನವರಿಯಿಂದ ಮಾರ್ಚ್‌ವರೆಗೆ ಇಬ್ಬರೂ ಒಂದೇ ಮಾತು ಹೇಳ್ತಿದಾರೆ ಅಂದ್ರೆ ಎರಡು ಸಾಕ್ಷಿ ಸಿಕ್ತು ಅಂತ ಖುಷಿ ಪಡಬೇಡಿ, ಸಾಕ್ಷಿ ಒಂದೇ.

ಹೆಜ್ಜೆ 4: ಒಂದು ದಿನ, ಎಲ್ಲರ ಕೈಲೂ

ಇದು ಈ ಓದಿನ ಜೀವ. ಅಭ್ಯಾಸಕ್ಕೆ 1805ರ ಆಗಸ್ಟ್ 17 ತಗೊಳ್ಳಿ, ಸಕಾಗವೇಯಾ ತನ್ನ ಜನರನ್ನ ಮತ್ತೆ ಕಂಡ ದಿನ.

ಇವಳು ಶೋಶೋನಿ ಹುಡುಗಿ, ಚಿಕ್ಕವಳಿದ್ದಾಗ ಹಿಡಾಟ್ಸಾ ಜನ ಸೆರೆ ಹಿಡಿದು ಒಯ್ದಿದ್ರು, ಆಮೇಲೆ ಟೂಸಾನ್ ಶಾರ್ಬೊನೋ ಅನ್ನೋ ಫ್ರೆಂಚ್ ವ್ಯಾಪಾರಿಯ ಹೆಂಡತಿ ಆದ್ಲು. 1805ರ ಫೆಬ್ರವರಿ 11ಕ್ಕೆ ಗಂಡುಮಗು ಆಯ್ತು, ಎರಡು ತಿಂಗಳು ತುಂಬೋ ಮುಂಚೆ ಆ ಕೂಸನ್ನ ಬೆನ್ನಿಗೆ ಕಟ್ಕೊಂಡು ಈ ಪ್ರಯಾಣಕ್ಕೆ ಹೊರಟ್ಲು.

ಮೊದಲು ಜುಲೈ 28ರ ಲೂಯಿಸ್‌ನ ಓದಿ. ಅವತ್ತು ಕ್ಯಾಂಪ್ ಹಾಕಿರೋದು ಹಿಡಾಟ್ಸಾ ಜನ ದಾಳಿಗೆ ಬಂದಾಗ ಅವಳ ಜನ ಬೀಡುಬಿಟ್ಟಿದ್ದ ಜಾಗದಲ್ಲೇ, ಅವಳು ಸೆರೆ ಸಿಕ್ಕಿದ್ದು ಅಲ್ಲಿಂದ ಸ್ವಲ್ಪ ಮೇಲೆ. ಲೂಯಿಸ್ ಬರೀತಾನೆ, ಆ ಘಟನೆ ನೆನೆಸಿಕೊಂಡು ಇವಳ ಮುಖದಲ್ಲಿ ದುಃಖವೂ ಕಾಣಲ್ಲ, ಊರಿಗೆ ವಾಪಸ್ ಬಂದ ಸಂತೋಷವೂ ಕಾಣಲ್ಲ, ಹೊಟ್ಟೆಗೆ ಊಟ, ಮೈಮೇಲೆ ಹಾಕ್ಕೊಳ್ಳೋಕೆ ನಾಲ್ಕು ಸರ ಇದ್ರೆ ಎಲ್ಲಿದ್ರೂ ತೃಪ್ತಿಯಾಗಿರ್ತಾಳೆ ಅನ್ಸುತ್ತೆ ಅಂತ.

ಇಪ್ಪತ್ತು ದಿನ ಬಿಟ್ಟು ಆಗಸ್ಟ್ 17ಕ್ಕೆ ಬನ್ನಿ. ಅವಳ ಜೊತೆ ನಡೀತಿದ್ದ ಕ್ಲಾರ್ಕ್ ಬರೀತಾನೆ, ಮುಂದೆ ಸ್ವಲ್ಪ ದೂರದಲ್ಲಿದ್ದ ಗಂಡ ಹೆಂಡತಿ ಖುಷಿಗೆ ಕುಣಿದ್ರು, ಇವರು ನನ್ನ ಜನ ಅಂತ ಅವಳು ಸನ್ನೆ ಮಾಡಿ ತೋರಿಸಿದ್ಲು. ಅದೇ ದಿನ ಲೂಯಿಸ್: ಇವಳು ನಾಯಕ ಕಮಿಯಾವೆಯ್ಟ್‌ನ ತಂಗಿ ಅಂತ ಗೊತ್ತಾಯ್ತು, ಭೇಟಿ ಮನಸ್ಸು ಕರಗಿಸೋ ಹಾಗಿತ್ತು, ಅದರಲ್ಲೂ ಇವಳ ಜೊತೆಗೇ ಸೆರೆ ಸಿಕ್ಕಿ ಆಮೇಲೆ ತಪ್ಪಿಸ್ಕೊಂಡು ಬಂದಿದ್ದ ಹೆಂಗಸಿನ ಜೊತೆಗಿನ ಭೇಟಿ. ಅಷ್ಟೇ.

ಆಮೇಲೆ ಬಿಡಲ್‌ನ 1814ರ ಪುಸ್ತಕ ತೆಗೀರಿ. ಮಾತುಕತೆಗೆ ದುಭಾಷಿಯಾಗಿ ಅವಳನ್ನ ಕರೀತಾರೆ, ಕೂರ್ತಾಳೆ, ಮಾತು ಶುರುಮಾಡೋಷ್ಟರಲ್ಲಿ ಎದುರಿಗಿರೋ ನಾಯಕ ತನ್ನ ಅಣ್ಣ ಅಂತ ಗುರುತು ಹತ್ತುತ್ತೆ, ಎದ್ದು ಓಡಿ ತಬ್ಬಿ ತನ್ನ ಕಂಬಳಿನ ಅವನ ಮೇಲೆ ಹೊದಿಸಿ ಜೋರಾಗಿ ಅಳ್ತಾಳೆ, ಮತ್ತೆ ಬಂದು ಕೂತು ಅನುವಾದ ಮಾಡೋಕೆ ನೋಡಿದ್ರೂ ಕಣ್ಣೀರು ಅಡ್ಡ ಬರುತ್ತೆ. ಚಿತ್ರಗಳಲ್ಲಿ ಮಕ್ಕಳ ಪುಸ್ತಕಗಳಲ್ಲಿ ಎಲ್ಲರೂ ನೋಡಿರೋ ದೃಶ್ಯ ಇದೇ, ಆದ್ರೆ ಕ್ಯಾಪ್ಟನ್‌ಗಳು ಅವತ್ತು ಬರೆದ ಪುಟದಲ್ಲಿ ಇದಿಲ್ಲ.

ಹಾಗಂತ ಬಿಡಲ್ ಕಟ್ಟಿದ ಕಥೆ ಅಂತ ತೀರ್ಪು ಕೊಡೋಕೂ ಹೋಗ್ಬೇಡಿ. ಅವನ ಮುಂದೆ ಕ್ಲಾರ್ಕ್ ಕೂತಿದ್ದ, ಕ್ಲಾರ್ಕ್ ಅವತ್ತು ಅಲ್ಲೇ ಇದ್ದ, ಐದು ವರ್ಷ ಆದ್ಮೇಲೆ ನೆನಪಿಂದ ಹೇಳಿರಬಹುದು. ನೀವು ಬರ್ಕೋಬೇಕಾಗಿರೋದು ಹೀಗೆ: ಕುಣಿದಿದ್ದು ಅವತ್ತಿನ ಬರಹ, ಅವಳು ನಾಯಕನ ತಂಗಿ ಅನ್ನೋದು ಅವತ್ತಿನ ಬರಹ, ಕಂಬಳಿ ಮತ್ತು ಕಣ್ಣೀರು ಆಮೇಲಿನ ನೆನಪು. ನನಗಂತೂ ಇದರಲ್ಲಿ ಹೆಚ್ಚು ಕಾಡೋದು ಜುಲೈ 28ರ ಪುಟ. ಸುಮಾರು ಹದಿನಾರು ಹದಿನೇಳು ವಯಸ್ಸಿನ ಹುಡುಗಿ, ಪರಭಾಷೆಯ ಗಂಡಸರ ಗುಂಪಲ್ಲಿ ಒಬ್ಬಳೇ ಹೆಂಗಸು, ತನ್ನನ್ನ ಎಳ್ಕೊಂಡು ಹೋದ ಜಾಗದ ಹತ್ತಿರ ಮೌನವಾಗಿದ್ದಾಳೆ, ಆ ಮೌನವನ್ನ ಲೂಯಿಸ್ ಓದಿದ್ದು ಎಷ್ಟು ತಪ್ಪು ಅಂತ ಅವನದ್ದೇ ಜರ್ನಲ್ ಇಪ್ಪತ್ತು ದಿನದಲ್ಲಿ ತೋರಿಸ್ಬಿಡುತ್ತೆ.

ಇದೇ ರೀತಿ 1805ರ ಮೇ 14ನ್ನೂ ಮಾಡಿ. ಗಾಳಿಗೆ ಪಿರೋಗ್ ವಾಲುತ್ತೆ, ಚುಕ್ಕಾಣಿ ಹಿಡಿದ ಶಾರ್ಬೊನೋ ಗಾಬರಿಯಲ್ಲಿ ದೇವರನ್ನ ಕೂಗ್ತಿದಾನೆ, ಕ್ರುಜಾಟ್ ಚುಕ್ಕಾಣಿ ಹಿಡಿ ಇಲ್ಲಾಂದ್ರೆ ಗುಂಡು ಹೊಡೀತೀನಿ ಅಂತಾನೆ, ದೋಣೀಲಿ ಪೇಪರ್, ಉಪಕರಣ, ಔಷಧಿ ಎಲ್ಲಾ ಇದೆ. ನೀರಲ್ಲಿ ತೇಲಿಹೋಗ್ತಿದ್ದ ಸಾಮಾನನ್ನ ಹಿಡಿದು ಹಿಡಿದು ಒಳಗೆ ಹಾಕಿದ್ದು ಸಕಾಗವೇಯಾ. ಲೂಯಿಸ್ ಅದನ್ನ ಬರೆಯೋದು ಎರಡು ದಿನ ಆದ್ಮೇಲೆ, 16ನೇ ತಾರೀಕು, ದೋಣೀಲಿದ್ದ ಯಾರಿಗೂ ಕಮ್ಮಿಯಿಲ್ಲದ ಧೈರ್ಯ ಅವಳದ್ದು ಅಂತ. 14ನೇ ತಾರೀಕು ಒಂದನ್ನೇ ಓದಿ ಬಿಟ್ಟಿದ್ರೆ ಅವನ ಆ ಮಾತು ಸಿಗ್ತಾನೇ ಇರ್ಲಿಲ್ಲ, ಅದಕ್ಕೇ ದೊಡ್ಡ ಘಟನೆ ಆದ್ಮೇಲೆ ಇನ್ನೂ ಎರಡು ಮೂರು ದಿನ ಮುಂದಕ್ಕೆ ಓದೋದು ರೂಢಿ ಮಾಡ್ಕೊಳ್ಳಿ.

ಹೆಜ್ಜೆ 5: ಸ್ಪೆಲ್ಲಿಂಗು, ಶಾರ್ಟ್‌ಕಟ್ಟು

ಕ್ಲಾರ್ಕ್‌ಗೆ ಸ್ಪೆಲ್ಲಿಂಗ್ ಅನ್ನೋದು ಅವತ್ತಿನ ಮೂಡ್ ಮೇಲೆ. ಸೂ ಅನ್ನೋ ಜನಾಂಗದ ಹೆಸರನ್ನ 27 ರೀತಿ ಬರೆದಿದಾನೆ ಅಂತ ಎಣಿಸಿದೋರು ಹೇಳ್ತಾರೆ. ಕಣ್ಣಲ್ಲಿ ಓದಿದ್ರೆ ಸಿಕ್ಕಿಹಾಕ್ಕೊಳ್ತೀರ, ಬಾಯಿಬಿಟ್ಟು ಜೋರಾಗಿ ಓದಿ, ಕಿವಿಗೆ ಬಿದ್ದ ತಕ್ಷಣ ಪದ ಗೊತ್ತಾಗುತ್ತೆ. ಉಚ್ಚಾರ ಹೇಗೋ ಬರವಣಿಗೆ ಹಾಗೆ ಅಂತ ಬೆಳೆದ ನಮಗೆ ಇದು ಬೇಗ ಒಗ್ಗುತ್ತೆ, ನನಗಂತೂ ಮೂರು ದಿನಕ್ಕೆ ಸಲೀಸಾಯ್ತು.

ಪ್ರಾಣಿಗಳ ಹೆಸರು ಬೇರೆ ಥರ. ಬಿಳಿ ಕರಡಿ ಅಂದ್ರೆ ಗ್ರಿಜ್ಲಿ, ಮೇಕೆ ಅಂದ್ರೆ ಜಿಂಕೆ ಥರದ ಪ್ರಾಂಗ್‌ಹಾರ್ನ್, ಬೊಗಳೋ ಅಳಿಲು ಅಂದ್ರೆ ಬಿಲದಲ್ಲಿರೋ ಪ್ರೇರಿ ಡಾಗ್. ಈ ಕೊನೇದನ್ನ ಜೀವಂತ ಹಿಡಿಯೋಕೆ 1804ರ ಸೆಪ್ಟೆಂಬರ್ 7ಕ್ಕೆ ಹೆಚ್ಚುಕಮ್ಮಿ ಇಡೀ ತಂಡ ಬಿಲಕ್ಕೆ ನೀರು ಹೊತ್ತು ಹೊತ್ತು ಸುರೀತು. ಹಾಗೆ ಹಿಡಿದವುಗಳಲ್ಲಿ ಒಂದು ಜೆಫರ್ಸನ್ ಇದ್ದ ಕಡೆ ಜೀವಸಹಿತ ತಲುಪಿತು.

ಹವಾಮಾನದ ಪಟ್ಟಿಯಲ್ಲಿ ಒಂಟಿ ಅಕ್ಷರಗಳು ಇರುತ್ತೆ: ಎಫ್ ಅಂದ್ರೆ ತಿಳಿ ಆಕಾಶ, ಸಿ ಮೋಡ, ಆರ್ ಮಳೆ, ಎಸ್ ಹಿಮ. ಉಷ್ಣತೆ ಪಕ್ಕದ ಎ ಅಂದ್ರೆ ಸೊನ್ನೆಗಿಂತ ಮೇಲೆ, ಬಿ ಕೆಳಗೆ. 1805ರ ಸೆಪ್ಟೆಂಬರ್‌ನಲ್ಲಿ ಕೊನೇ ಥರ್ಮಾಮೀಟರ್ ಒಡೆದೋಯ್ತು, ಆಮೇಲೆ ಡಿಗ್ರಿ ಇರಲ್ಲ.

ಲಾರ್ಬೋರ್ಡ್, ಸ್ಟಾರ್ಬೋರ್ಡ್ ಅಂತ ಸಾಲುಸಾಲಾಗಿ ಬರುತ್ತೆ, ಮುಂದಕ್ಕೆ ಮುಖ ಮಾಡಿ ನಿಂತಾಗ ಎಡ, ಬಲ. ನದಿಯ ಎಡದಂಡೆ ಬಲದಂಡೆ ಅಂತ ನಾವು ಹೇಳೋದು ನೀರು ಹರಿಯೋ ದಿಕ್ಕಿಗೆ, ಇವರು ಮಿಸ್ಸೂರೀಲಿ ಹೋಗ್ತಿರೋದು ನೀರಿಗೆ ಎದುರಾಗಿ, ಅಂದ್ರೆ ಇವರ ಲಾರ್ಬೋರ್ಡ್ ನಮ್ಮ ಬಲದಂಡೆ. ಕೊಲಂಬಿಯಾ ಇಳಿಯುವಾಗ ಉಲ್ಟಾ ಆಗುತ್ತೆ. ಇದನ್ನ ತಲೇಲಿಟ್ಕೊಳ್ಳದೆ ಮ್ಯಾಪ್ ಹಿಡಿದ್ರೆ ಫ್ಲಾಯ್ಡ್‌ನ ಗುಡ್ಡ ಅಯೋವಾ ಬಿಟ್ಟು ನೆಬ್ರಾಸ್ಕಾ ಕಡೆ ಹೋಗ್ಬಿಡುತ್ತೆ.

ಕೈಬರಹ ಓದೋದು ಎಷ್ಟು ಕಷ್ಟ ಅನ್ನೋಕೆ ಒಂದೇ ಉದಾಹರಣೆ. ಲೂಯಿಸ್ ಜೊತೆ 20 ಡಾಲರ್ ಕೊಟ್ಟು ತಗೊಂಡ ದೊಡ್ಡ ನ್ಯೂಫೌಂಡ್‌ಲ್ಯಾಂಡ್ ನಾಯಿ ಇತ್ತು. 1916ರ ಆರ್ಡ್ವೇ ಎಡಿಷನ್ ಆದ್ಮೇಲೆ ಎಲ್ಲರೂ ಅದರ ಹೆಸರು ಸ್ಕ್ಯಾನನ್ ಅಂತಲೇ ಬರೆದ್ರು, 1980ರ ದಶಕದಲ್ಲಿ ಡೊನಾಲ್ಡ್ ಜ್ಯಾಕ್ಸನ್ ಅನ್ನೋ ಇತಿಹಾಸಕಾರ ಮ್ಯಾಪ್ ನೋಡ್ತಾ ಒಂದು ಹಳ್ಳಕ್ಕೆ ಸೀಮನ್ಸ್ ಕ್ರೀಕ್ ಅಂತ ಹೆಸರಿರೋದು ಕಂಡು ಮತ್ತೆ ಹಸ್ತಪ್ರತಿ ನೋಡಿದ್ರೆ ನಾಯಿ ಹೆಸರು ಸೀಮನ್. ಎಪ್ಪತ್ತು ವರ್ಷ ಪಾಪ ಆ ನಾಯಿನ ಬೇರೆ ಹೆಸರಲ್ಲಿ ಕರೆದಿದ್ರು.

ಹೆಜ್ಜೆ 6: ಪಕ್ಕದಲ್ಲಿ ಮ್ಯಾಪ್ ಇರ್ಲಿ

ಈಗಿನ ಸ್ಯಾಟಲೈಟ್ ಮ್ಯಾಪ್ ತೆಗೆದಿಟ್ಕೊಳ್ಳಿ, ಆದ್ರೆ ಅವರು ನೋಡಿದ ನದಿ ಬಹಳ ಕಡೆ ಈಗ ಇಲ್ಲ. ನಾರ್ತ್ ಡಕೋಟದಲ್ಲಿ ಗ್ಯಾರಿಸನ್ ಡ್ಯಾಮ್ ಹಿಂದಿನ ಜಲಾಶಯಕ್ಕೆ ಸಕಾಗವೇಯಾ ಹೆಸರೇ ಇಟ್ಟಿದಾರೆ. ಕೊಲಂಬಿಯಾದ ಸೆಲೈಲೋ ಜಲಪಾತ, 1805ರ ಅಕ್ಟೋಬರ್‌ನಲ್ಲಿ ಅಲ್ಲಿ ಮೀನು ಒಣಗಿಸಿ ಕುಟ್ಟಿ ಬುಟ್ಟಿಗೆ ತುಂಬೋದನ್ನ ಕ್ಲಾರ್ಕ್ ವಿವರವಾಗಿ ಬರೆದಿದಾನೆ, 1957ರಲ್ಲಿ ಡ್ಯಾಮ್ ನೀರಲ್ಲಿ ಮುಳುಗಿತು. ಹೆಚ್ಚುಕಮ್ಮಿ ಅವರು ಕಂಡ ಹಾಗೇ ಉಳಿದಿರೋದು ಮೊಂಟಾನಾದ ಬಿಳಿ ಬಂಡೆಗಳ ಭಾಗ, ಅದಕ್ಕೆ 1805ರ ಮೇ 31ರ ಲೂಯಿಸ್ ಓದಿ.

ನವೆಂಬರ್ 7ರ ‘ಓಷಿಯನ್ ಇನ್ ವ್ಯೂ! ಓ! ದ ಜಾಯ್’ ಅನ್ನೋ ಕ್ಲಾರ್ಕ್‌ನ ಕೂಗನ್ನೂ ಮ್ಯಾಪ್ ಮೇಲೆ ಇಟ್ಟು ನೋಡಿ. ಅವನು ಕಂಡಿದ್ದು ಸಮುದ್ರ ಅಲ್ಲ, ನದಿ ಅಗಲವಾದ ಅಳಿವೆ, ಸಮುದ್ರ ಇನ್ನೂ ಸುಮಾರು 20 ಮೈಲಿ. ಆಮೇಲಿನ ದಿನಗಳಲ್ಲಿ ಮಳೆ, ಅಲೆ, ಕೊಳೆತ ಚರ್ಮದ ಬಟ್ಟೆ, ಬಂಡೆಗೆ ಅಂಟಿಕೊಂಡ ಕ್ಯಾಂಪ್. ಆ ಒಂದು ಸಾಲಿನ ಖುಷಿಗೆ ತೂಕ ಬರೋದು ಮುಂದಿನ ಒಂದು ವಾರ ಓದಿದ್ರೆ ಮಾತ್ರ.

ಹೆಜ್ಜೆ 7: ಪೆನ್ ಕೈಲಿಲ್ಲದೋರ ಮಾತು ಹುಡುಕಿ

ಜರ್ನಲ್‌ನಲ್ಲಿ ಯಾವುದಾದ್ರೂ ನಾಯಕ ಹೀಗಂದ ಅಂತ ಬಂದಾಗ ಆ ಮಾತು ಎಷ್ಟು ಬಾಯಿ ದಾಟಿ ಬಂತು ಅಂತ ಕೇಳಿ. 1805ರ ಸೆಪ್ಟೆಂಬರ್‌ನಲ್ಲಿ ಸೇಲಿಷ್ ಜನರ ಜೊತೆ ಮಾತಾಡಿದ್ದು ಹೀಗೆ: ಸೇಲಿಷ್ ಭಾಷೆಯಿಂದ ಒಬ್ಬ ಹುಡುಗ ಶೋಶೋನಿಗೆ, ಅಲ್ಲಿಂದ ಸಕಾಗವೇಯಾ ಹಿಡಾಟ್ಸಾಗೆ, ಶಾರ್ಬೊನೋ ಫ್ರೆಂಚ್‌ಗೆ, ತಂಡದಲ್ಲಿದ್ದ ಲಬಿಷ್ ಇಂಗ್ಲಿಷ್‌ಗೆ. ಐದು ಭಾಷೆ. ಕೊನೇಲಿ ಕಾಗದಕ್ಕಿಳಿದಿದ್ದು ಆ ನಾಯಕ ಅಂದಿದ್ದರಲ್ಲಿ ಎಷ್ಟು ಪಾಲು ಅಂತ ನೀವೇ ಯೋಚನೆ ಮಾಡಿ.

ಜರ್ನಲ್‌ಗಳಲ್ಲಿ ಮೂಲನಿವಾಸಿ ಹೆಂಗಸರಿಗೆ ಬಳಸೋ ಸ್ಕ್ವಾ ಅನ್ನೋ ಪದ ಬೈಗುಳ ಅಂತ ಅಮೆರಿಕ ಸರ್ಕಾರವೇ ಘೋಷಿಸಿ 2022ರಲ್ಲಿ ಸುಮಾರು 650 ಜಾಗಗಳ ಹೆಸರು ಬದಲಾಯಿಸಿತು. ಓದುವಾಗ ಎದುರಾಗುತ್ತೆ, ನೀವು ಬರೆಯುವಾಗ ಅದನ್ನ ಎತ್ಕೊಳ್ಳೋದು ಬೇಡ. ನೆಜ್ ಪರ್ಸ್, ಮಂಡನ್, ಬ್ಲ್ಯಾಕ್‌ಫೀಟ್ ಜನ ತಮ್ಮ ಕಡೆಯ ನೆನಪುಗಳನ್ನ ತಾವೇ ಹೇಳಿರೋದು ಸಿಗುತ್ತೆ, ಅದನ್ನೂ ಆಯಾ ತಾರೀಕಿನ ಪಕ್ಕ ಇಟ್ಟು ಓದಿ, ಅದರಲ್ಲೂ 1806ರ ಜುಲೈ 27, ಲೂಯಿಸ್ ತಂಡ ಇಬ್ಬರು ಬ್ಲ್ಯಾಕ್‌ಫೀಟ್ ಹುಡುಗರನ್ನ ಕೊಂದ ದಿನ.

ಯಾರ್ಕ್ ಬಗ್ಗೆ ಬರೆಯದೆ ಮುಂದೆ ಹೋಗೋಕಾಗಲ್ಲ. ಅವನು ಕ್ಲಾರ್ಕ್‌ನ ಗುಲಾಮ, ಎಲ್ಲರ ಜೊತೆ ಹುಟ್ಟು ಹಾಕಿದ, ಬೇಟೆಯಾಡಿದ, ಫ್ಲಾಯ್ಡ್‌ನ ಕೊನೇ ದಿನ ಅವನ ಆರೈಕೆ ಮಾಡಿದ. 1805ರ ನವೆಂಬರ್ 24ಕ್ಕೆ ಚಳಿಗಾಲ ಎಲ್ಲಿ ಕಳೆಯೋದು ಅಂತ ಎಲ್ಲರ ಅಭಿಪ್ರಾಯ ಕೇಳಿದಾಗ ಕ್ಲಾರ್ಕ್ ಮಾಡಿದ ಪಟ್ಟಿಯಲ್ಲಿ ಯಾರ್ಕ್ ಹೆಸರೂ ಇದೆ, ಬೇರು ಗೆಡ್ಡೆ ಚೆನ್ನಾಗಿ ಸಿಗೋ ಕಡೆ ಇರೋಣ ಅಂದ ಸಕಾಗವೇಯಾ ಮಾತೂ ಇದೆ. ಓದಿ ಖುಷಿ ಆಗುತ್ತೆ. ಆಮೇಲೆ ಕ್ಲಾರ್ಕ್ ತನ್ನ ಅಣ್ಣ ಜೊನಾಥನ್‌ಗೆ ಬರೆದ ಪತ್ರಗಳನ್ನ ಓದಿ, 2002ರಲ್ಲಿ ಪುಸ್ತಕವಾಗಿ ಬಂದಿವೆ. ವಾಪಸ್ ಬಂದ ಮೇಲೆ ಯಾರ್ಕ್ ತನ್ನ ಹೆಂಡತಿ ಇರೋ ಲೂಯಿವಿಲ್‌ನಲ್ಲೇ ಇರ್ತೀನಿ ಅಂತ ಬೇಡ್ಕೊಂಡಿದ್ದು, ಕ್ಲಾರ್ಕ್ ಅವನನ್ನ ಹೊಡೆದಿದ್ದು, ಎಲ್ಲಾ ಕ್ಲಾರ್ಕ್ ಕೈಬರಹದಲ್ಲೇ ಇದೆ. ಪಿರೋಗ್ ದಿನಗಳ ಕ್ಲಾರ್ಕ್‌ನ ಇಷ್ಟಪಟ್ಟೋರಿಗೆ ಇದು ಕಷ್ಟದ ಓದು, ಆದ್ರೂ ಓದ್ಲೇಬೇಕು.

ಹೆಜ್ಜೆ 8: ನಿಮ್ಮದೂ ಒಂದು ನೋಟ್‌ಬುಕ್

ಒಂದು ದಿನಕ್ಕೆ ಒಂದು ಪುಟ ಸಾಕು. ಮೇಲೆ ತಾರೀಕು, ಜಾಗ, ಯಾರ್ಯಾರು ಬರೆದಿದಾರೆ. ಮಧ್ಯ ಗೆರೆ ಎಳೆದು ಎಡಗಡೆ ಎಲ್ಲರೂ ಒಪ್ಪೋದು, ಬಲಗಡೆ ಒಬ್ಬರೇ ಹೇಳಿರೋದು. ಬಲಗಡೆ ಕಾಲಂ ದಿನದಿನಕ್ಕೆ ಉದ್ದ ಆಗ್ತಾ ಹೋಗುತ್ತೆ, ಒಬ್ಬೊಬ್ಬ ಮನುಷ್ಯನ ಸ್ವಭಾವ ಕಾಣಿಸೋಕೆ ಶುರುವಾಗೋದು ಅಲ್ಲೇ. ಕೆಳಗೆ ಬಿಡಲ್ ಏನು ಬದಲಾಯಿಸಿದ ಅಂತ ಒಂದು ಸಾಲು, ಬಿಡಲ್ ಪುಸ್ತಕಕ್ಕೆ ಕಾಪಿರೈಟ್ ಇಲ್ಲ, ಎಲ್ಲಾ ಕಡೆ ಫ್ರೀ ಸಿಗುತ್ತೆ. ನಾನು ದಿನ ರಾತ್ರಿ ಊಟ ಆದ್ಮೇಲೆ ಒಂದು ತಾರೀಕು ಅಂತ ಇಟ್ಕೊಂಡಿದ್ದೆ, ಕೆಲವು ಪುಟಕ್ಕೆ ಹತ್ತು ನಿಮಿಷ, ಆಗಸ್ಟ್ 17ಕ್ಕೆ ಎರಡು ರಾತ್ರಿ ಹಿಡೀತು.

ಇವರದ್ದು ಮುಗಿದ್ಮೇಲೆ ಅದೇ ಕಾಲದ ಬೇರೆಯವರ ಕಡೆ ಹೋಗಿ. ಅಲೆಕ್ಸಾಂಡರ್ ಮೆಕೆಂಜಿ ಇವರಿಗಿಂತ ಮುಂಚೆ 1793ರಲ್ಲೇ ಕೆನಡಾ ದಾಟಿ ಪೆಸಿಫಿಕ್ ಮುಟ್ಟಿದ್ದ, 1801ರಲ್ಲಿ ಬಂದ ಅವನ ಪುಸ್ತಕ ಓದೇ ಜೆಫರ್ಸನ್‌ಗೆ ಅವಸರ ಹತ್ತಿದ್ದು. ಜೆಬ್ಯುಲನ್ ಪೈಕ್‌ನದು 1810ರಲ್ಲಿ ಬಂತು, ಲೂಯಿಸ್ ಕ್ಲಾರ್ಕ್ ಅಧಿಕೃತ ಪುಸ್ತಕಕ್ಕಿಂತ ನಾಲ್ಕು ವರ್ಷ ಮುಂಚೆ. 1819-20ರ ಸ್ಟೀಫನ್ ಲಾಂಗ್ ತಂಡದ್ದನ್ನ ಎಡ್ವಿನ್ ಜೇಮ್ಸ್ 1823ರಲ್ಲಿ ಬರೆದ, ಇವತ್ತು ಗೋಧಿ ಜೋಳ ಬೆಳೆಯೋ ಬಯಲನ್ನ ದೊಡ್ಡ ಅಮೆರಿಕನ್ ಮರುಭೂಮಿ ಅಂತ ಮ್ಯಾಪ್ ಮೇಲೆ ಬರೆದಿದ್ದು ಅವರೇ. ಇವೆಲ್ಲದಕ್ಕೂ ಮೊದಲು ಕೇಳ್ಬೇಕಾದ ಪ್ರಶ್ನೆ ಅದೇ: ದಾರೀಲಿ ಕೂತು ಬರೆದಿದ್ದು ಯಾವುದು, ಊರಿಗೆ ಬಂದು ಬರೆದಿದ್ದು ಯಾವುದು.